ಬೆಳಗಿನ ದಿನಚರಿ ಮತ್ತು ಮನಸ್ಸಿನ ನೆಮ್ಮದಿ

ಮನುಷ್ಯನ ದಿನವು ಹೇಗೆ ಆರಂಭವಾಗುತ್ತದೆಯೋ ಬಹುಮಟ್ಟಿಗೆ ಹಾಗೆಯೇ ಸಾಗುತ್ತದೆ. ಬೆಳಗು ಗಡಿಬಿಡಿಯಲ್ಲಿ ಕಳೆದರೆ ಆ ಗಡಿಬಿಡಿಯು ಶಾಲೆಯ ಬೆಂಚಿನವರೆಗೂ ಹೊಲದ ಬದುವಿನವರೆಗೂ ಬೆನ್ನಟ್ಟಿ ಬರುತ್ತದೆ. ಬೆಳಗು ಸಮಾಧಾನದಿಂದ ಕೂಡಿದ್ದರೆ ಮಧ್ಯಾಹ್ನದ ಬಿಸಿಲೂ ಸಂಜೆಯ ದಣಿವೂ ಅಷ್ಟಾಗಿ ಬಾಧಿಸವು. ಇದು ಎಲ್ಲರ ಅನುಭವಕ್ಕೆ ಬಂದಿರುವ ಸಂಗತಿ. ಆದರೂ ಶಾಂತವಾದ, ಸಂತೋಷಕರವಾದ ಬೆಳಗು ಕೆಲವರ ಪಾಲಿಗೆ ಮಾತ್ರ ದಕ್ಕುತ್ತದೆ. ಉಳಿದವರು ಅದನ್ನು ಸಾಧು ಸತ್ಪುರುಷರಿಗೆ ಮೀಸಲಾದ ಭಾಗ್ಯವೆಂದೋ, ಹೊತ್ತಿಗೆ ಮುಂಚೆ ಏಳಬಲ್ಲವರ ಸಾಹಸವೆಂದೋ ಭಾವಿಸಿ ಸುಮ್ಮನಾಗುತ್ತಾರೆ.

ವಾಸ್ತವದಲ್ಲಿ ಅದು ಭಾಗ್ಯವೂ ಅಲ್ಲ, ಸಾಹಸವೂ ಅಲ್ಲ. ಅದು ಕಟ್ಟಬಹುದಾದ ಒಂದು ಕ್ರಮ. ಗೋಡೆಯನ್ನು ಕಟ್ಟುವವನು ಕಲ್ಲಿನ ಮೇಲೆ ಕಲ್ಲಿಡುವಂತೆ ಬೆಳಗಿನ ದಿನಚರಿಯನ್ನೂ ಒಂದರ ಮೇಲೊಂದು ಕಾರ್ಯವನ್ನಿಟ್ಟು ಕಟ್ಟಬೇಕಾಗುತ್ತದೆ. ಅದರ ಅಡಿಗಲ್ಲು ಯಾವುದು, ಅದು ಎಲ್ಲಿ ಬಿರುಕು ಬಿಡುತ್ತದೆ, ಬೀದರ ಜಿಲ್ಲೆಯ ನಮ್ಮ ನೆಲ, ಹವೆ, ಜೀವನಕ್ರಮಗಳಿಗೆ ಅದು ಹೇಗೆ ಹೊಂದಿಕೊಳ್ಳಬೇಕು ಎಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

ಮೂರು ಊರುಗಳ ಮೂರು ಬೆಳಗು

ಬೀದರ ನಗರದ ಬೆಳಗಿಗೆ ಹಲವು ದನಿಗಳಿವೆ. ಹಳೆಯ ಊರಿನ ಮಸೀದಿಗಳಿಂದ ನಸುಕಿನ ಅಜಾನ್ ಕೇಳಿಬರುತ್ತದೆ. ನಾನಕ್ ಝೀರಾ ಗುರುದ್ವಾರದಲ್ಲಿ ಸೂರ್ಯೋದಯಕ್ಕೆ ಮೊದಲೇ ಕೀರ್ತನೆ ಆರಂಭವಾಗುತ್ತದೆ. ಗುಡಿಗಳಲ್ಲಿ, ಮಠಗಳಲ್ಲಿ ಗಂಟೆಯ ನಾದ ಕೇಳುತ್ತದೆ. ಬರೀದಶಾಹಿ ಗೋರಿಗಳ ಉದ್ಯಾನದಲ್ಲಿಯೂ ಕೋಟೆಯ ಸುತ್ತಮುತ್ತಲೂ ನಡೆದಾಡಲು ಬಂದವರ ಹೆಜ್ಜೆಗಳ ಸದ್ದು. ಹೊತ್ತೇರಿದ ಮೇಲೆ ವಾಯುಪಡೆಯ ತರಬೇತಿ ವಿಮಾನಗಳ ಗರ್ಜನೆ. ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಕೆಂಪು ಮುರಕಲ್ಲಿನ ಈ ಪ್ರಸ್ಥಭೂಮಿಯಲ್ಲಿ ಮಾಗಿಯ ಚಳಿ ಕೆಲವು ದಿನ 10 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಆ ಚಳಿಯಲ್ಲಿ ಹಾಸಿಗೆ ಬಿಟ್ಟೇಳುವುದೇ ಒಂದು ಪರೀಕ್ಷೆ.

ಭಾಲ್ಕಿಯ ಬೆಳಗು ಬೇರೆ ಬಗೆಯದು. ಅದು ಮಠ, ಪಾಠಶಾಲೆ ಹಾಗೂ ವಸತಿ ನಿಲಯಗಳ ಊರು. ಅಲ್ಲಿಯ ನೂರಾರು ಮಕ್ಕಳ ದಿನವು ಗಂಟೆಯ ಸದ್ದಿನಿಂದ ಆರಂಭವಾಗುತ್ತದೆ. ಯಾರು ಯಾವ ಹೊತ್ತಿಗೆ ಏನು ಮಾಡಬೇಕೆಂಬುದು ಮೊದಲೇ ನಿಶ್ಚಿತವಾಗಿರುತ್ತದೆ.

ಔರಾದ ತಾಲ್ಲೂಕಿನ ಹಳ್ಳಿಗಳ ಬೆಳಗು ಇನ್ನೊಂದು ಬಗೆಯದು. ಅಲ್ಲಿ ಗಂಟೆಯ ಕೆಲಸವನ್ನು ಕೊಟ್ಟಿಗೆಯ ದನಗಳು ಮಾಡುತ್ತವೆ. ದೇವಣಿ ಹಸುವಿನ ಹಾಲು ಕರೆಯಬೇಕು, ಸೆಗಣಿ ಬಾಚಬೇಕು, ಅಂಗಳಕ್ಕೆ ನೀರು ಹೊಡೆಯಬೇಕು, ಕೊಡಗಳನ್ನು ತುಂಬಬೇಕು. ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿತೆಂದರೆ ಮನೆ ಎಚ್ಚರಗೊಂಡಿತೆಂದೇ ಅರ್ಥ. ಇವೆಲ್ಲವುಗಳ ನಡುವೆ ಶಾಲೆಗೆ ಹೋಗುವ ಮಗುವು ಊರ ಮುಂದಿನ ಬಸ್ಸನ್ನು ಹಿಡಿಯಬೇಕು. ಆ ಬಸ್ಸು ತಪ್ಪಿದರೆ ಇನ್ನೊಂದಕ್ಕಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ.

ಈ ಮೂರು ಬೆಳಗುಗಳಿಗೂ ಒಂದೇ ದಿನಚರಿಯನ್ನು ಬರೆದುಕೊಡಲು ಸಾಧ್ಯವಿಲ್ಲ. ಆದರೆ ಮೂರಕ್ಕೂ ಅನ್ವಯಿಸುವ ಕೆಲವು ನಿಯಮಗಳಿವೆ.

ಪ್ರಾತಃಕಾಲವೆಂದರೆ ಯಾವ ಹೊತ್ತು?

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ಉಪದೇಶವನ್ನು ಕೇಳದವರಿಲ್ಲ. ಆದರೆ ಆ ಹೊತ್ತು ಯಾವುದೆಂದು ಕೇಳಿದರೆ ಬಹುಮಂದಿ 4 ಗಂಟೆ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಪೂರ್ವಿಕರ ಲೆಕ್ಕ ಇಷ್ಟು ಒರಟಾದುದಲ್ಲ. ಒಂದು ಹಗಲು ಇರುಳನ್ನು ಅವರು 30 ಮುಹೂರ್ತಗಳಾಗಿ ವಿಭಾಗಿಸಿದರು. ಒಂದು ಮುಹೂರ್ತಕ್ಕೆ 48 ನಿಮಿಷಗಳಾಗುತ್ತವೆ. ಸೂರ್ಯೋದಯಕ್ಕೆ ಹಿಂದಿನ ಎರಡನೆಯ ಮುಹೂರ್ತವೇ ಬ್ರಾಹ್ಮೀ ಮುಹೂರ್ತ. ಎಂದರೆ ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಮೊದಲು ಮುಗಿಯುತ್ತದೆ.

ಭಾರತದ ಗಡಿಯಾರವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಬೀದರವಿರುವುದು ಸುಮಾರು 77.5 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯನು ಗಡಿಯಾರಕ್ಕಿಂತ 20 ನಿಮಿಷ ಹಿಂದಿರುತ್ತಾನೆ. ಇದರ ಜೊತೆಗೆ ಋತುಭೇದವೂ ಸೇರಿ, ಬೀದರದಲ್ಲಿ ಜೂನ್ ತಿಂಗಳ ಸೂರ್ಯೋದಯವು ಸುಮಾರು 5 ಗಂಟೆ 45 ನಿಮಿಷಕ್ಕೂ ಜನವರಿಯ ಸೂರ್ಯೋದಯವು ಸುಮಾರು 6 ಗಂಟೆ 50 ನಿಮಿಷಕ್ಕೂ ಆಗುತ್ತದೆ. ಆದುದರಿಂದ ಬ್ರಾಹ್ಮೀ ಮುಹೂರ್ತದ ಆರಂಭವು ಜೂನಿನಲ್ಲಿ 4 ಗಂಟೆ 10 ನಿಮಿಷದ ಸುಮಾರಿಗೆ ಬಂದರೆ ಜನವರಿಯಲ್ಲಿ 5 ಕಾಲು ಗಂಟೆಗೆ ಬರುತ್ತದೆ. ಒಂದು ತಾಸಿಗೂ ಮಿಕ್ಕಿದ ಅಂತರವಿದು.

ಈ ಲೆಕ್ಕದಿಂದ ಕಲಿಯತಕ್ಕ ಪಾಠವೊಂದಿದೆ. ಪೂರ್ವಿಕರು ಏಳುವ ಹೊತ್ತನ್ನು ಗಡಿಯಾರಕ್ಕಲ್ಲ, ಸೂರ್ಯನಿಗೆ ಕಟ್ಟಿದ್ದರು. ಮಾಗಿಯಲ್ಲಿ ತುಸು ತಡವಾಗಿ ಏಳುವುದನ್ನು ಅವರು ಸೋಮಾರಿತನವೆಂದು ಕರೆಯಲಿಲ್ಲ. ಜೂನ್ ತಿಂಗಳ ನಿಯಮವನ್ನೇ ಜನವರಿಯ ಕೊರೆಯುವ ಚಳಿಯಲ್ಲಿಯೂ ಮಕ್ಕಳ ಮೇಲೆ ಹೇರುವುದು ಶಾಸ್ತ್ರಕ್ಕೂ ಸಮ್ಮತವಲ್ಲ, ಶರೀರಕ್ಕೂ ಹಿತವಲ್ಲ.

ಶರೀರದೊಳಗಿನ ಗಡಿಯಾರ

ಸೂರ್ಯನೊಡನೆ ಏಳುವ ಪದ್ಧತಿಗೆ ಆಧುನಿಕ ವಿಜ್ಞಾನವು ಕಾರಣವನ್ನು ಕಂಡುಹಿಡಿದಿದೆ. ಜೀವಕೋಶಗಳೊಳಗೆ ಹಗಲು ಇರುಳುಗಳ ಲಯವನ್ನು ಕಾಯುವ ವ್ಯವಸ್ಥೆಯೊಂದಿರುವುದನ್ನು ಹಣ್ಣಿನ ನೊಣಗಳ ಮೇಲೆ ಪ್ರಯೋಗ ನಡೆಸಿ ವಿವರಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬ್ಯಾಶ್ ಮತ್ತು ಮೈಕೇಲ್ ಯಂಗ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನ ಮೆದುಳಿನಲ್ಲಿಯೂ ಇಂತಹ ಒಂದು ಮುಖ್ಯ ಗಡಿಯಾರವಿದೆ. ಅದರ ಸುತ್ತು ಸರಿಯಾಗಿ 24 ತಾಸಿನದಲ್ಲ. ಬಹುಮಂದಿಯಲ್ಲಿ ತುಸು ಹೆಚ್ಚಿನದು. ಆದುದರಿಂದ ಅದನ್ನು ದಿನವೂ ಸರಿಪಡಿಸಿ ಇಡಬೇಕಾಗುತ್ತದೆ. ಕಣ್ಣಿಗೆ ಬೀಳುವ ಬೆಳಗಿನ ಬೆಳಕು ಆ ಕೆಲಸವನ್ನು ಮಾಡುತ್ತದೆ.

ಕತ್ತಲಾದ ಮೇಲೆ ಶರೀರದಲ್ಲಿ ಮೆಲಟೋನಿನ್ ಎಂಬ ರಸವು ಹೆಚ್ಚಿ ನಿದ್ರೆಗೆ ಸಿದ್ಧತೆ ಮಾಡುತ್ತದೆ. ಬೆಳಗಿನ ಬೆಳಕು ಅದನ್ನು ತಗ್ಗಿಸುತ್ತದೆ. ಎಚ್ಚರಗೊಂಡ ಮೊದಲ ಅರ್ಧ ಮುಕ್ಕಾಲು ತಾಸಿನಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ರಸವು ಏರಿ ದಿನದ ಕೆಲಸಕ್ಕೆ ಶರೀರವನ್ನು ಅಣಿಗೊಳಿಸುತ್ತದೆ. ಈ ಅವಧಿಯಲ್ಲಿ ಮಂಪರು ಇನ್ನೂ ಪೂರ್ತಿ ಹರಿದಿರುವುದಿಲ್ಲ. ಹಾಸಿಗೆಯಿಂದ ಎದ್ದವನೇ ಲೆಕ್ಕದ ಪುಸ್ತಕ ಹಿಡಿದು ಕುಳಿತ ಹುಡುಗನಿಗೆ ತಲೆಗೆ ಏನೂ ಹತ್ತದಿರುವುದು ದಡ್ಡತನದಿಂದಲ್ಲ. ಅವನ ಮೆದುಳು ಇನ್ನೂ ಅರ್ಧ ನಿದ್ರೆಯಲ್ಲಿದೆ, ಅಷ್ಟೆ. ಎದ್ದೊಡನೆ ಮುಖ ತೊಳೆದು, ಹೊರಗೆ ಬಂದು ಬಯಲ ಬೆಳಕಿನಲ್ಲಿ ಅರ್ಧ ತಾಸು ಕೈಕಾಲಾಡಿಸಿ, ಸ್ನಾನ ಮುಗಿಸಿ ಕುಳಿತವನಿಗೆ ಅದೇ ಲೆಕ್ಕ ಸುಲಭವಾಗಿ ಬಿಡಿಸಲು ಬರುತ್ತದೆ. ಮೋಡ ಕವಿದ ಬೆಳಗಿನಲ್ಲಿಯೂ ಬಯಲಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಪ್ರಖರವಾಗಿರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ನಿದ್ರೆಯ ಪ್ರಮಾಣದ ಮಾತೂ ಇಲ್ಲಿಯೇ ಬರುತ್ತದೆ. 6ರಿಂದ 12 ವರುಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು, 13ರಿಂದ 18 ವರುಷದವರಿಗೆ 8ರಿಂದ 10 ತಾಸು ನಿದ್ರೆ ಬೇಕೆಂದು ನಿದ್ರಾ ವೈದ್ಯರು ಹೇಳುತ್ತಾರೆ. ರಾತ್ರಿ 11 ಗಂಟೆಯವರೆಗೆ ಮೊಬೈಲ್ ಫೋನು ನೋಡಿ ಬೆಳಗಿನ 4 ಗಂಟೆಗೆ ಎದ್ದ ವಿದ್ಯಾರ್ಥಿಯು ಬೇಗ ಎದ್ದವನೆಂದು ಹೊಗಳಿಸಿಕೊಳ್ಳಬಹುದು. ಆದರೆ ಅವನು ನಿದ್ರೆಯ ಸಾಲವನ್ನು ತಲೆಯ ಮೇಲೆ ಹೊತ್ತು ತರಗತಿಗೆ ಬರುತ್ತಾನೆ. ಆ ಸಾಲವನ್ನು ಮೂರನೆಯ ಪೀರಿಯಡ್ಡಿನಲ್ಲಿ ತೂಕಡಿಸಿ ತೀರಿಸುತ್ತಾನೆ. ಬೇಗ ಏಳುವುದರ ಮೊದಲ ಅರ್ಧವು ಬೇಗ ಮಲಗುವುದು. ಬೆಳಗಿನ ದಿನಚರಿಯ ಅಡಿಗಲ್ಲು ಹಿಂದಿನ ರಾತ್ರಿಯಲ್ಲಿದೆ.

ಗುರುಕುಲದ ಮಾದರಿ

ಬೆಳಗಿನ ಕ್ರಮವನ್ನು ಒಂದು ಕಲೆಯಾಗಿ ರೂಢಿಸಿದ ಸ್ಥಳಗಳಲ್ಲಿ ಬಾದಾಮಿಯ ಬಳಿ ಮಲಪ್ರಭಾ ನದಿಯ ದಡದಲ್ಲಿರುವ ಶಿವಯೋಗಮಂದಿರವು ಒಂದು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯಲ್ಲಿ ವಟುಗಳು ನಸುಕಿನಲ್ಲೆದ್ದು, ಸ್ನಾನ ಮುಗಿಸಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಗೆ ಕೂಡುವುದು, ಯೋಗಾಸನ ಹಾಗೂ ಅಧ್ಯಯನದಲ್ಲಿ ತೊಡಗುವುದು, ಗೋಶಾಲೆಯ ಸೇವೆ ಮಾಡುವುದು ಇವೇ ದಿನದ ಅಂಗಗಳು. ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಶಿಕ್ಷಣ ಪಡೆದುದು ಅಲ್ಲಿಯೇ. ಹಿಂದೆ ಔರಾದ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕಮಲನಗರದಲ್ಲಿ 1890ರಲ್ಲಿ ಜನಿಸಿ 1999ರಲ್ಲಿ ಲಿಂಗೈಕ್ಯರಾದ ಪೂಜ್ಯರು ಶತಮಾನವನ್ನೂ ಮೀರಿದ ಆಯುಷ್ಯವನ್ನು ಕಂಡವರು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಭಾಷೆಯ ಫಲಕದ ಹಿಂದೆ ಕನ್ನಡದ ಪಾಠ ನಡೆಸಿದ ಅವರ ಸಾಹಸವು ಗಡಿನಾಡಿನಲ್ಲಿ ಮನೆಮಾತಾಗಿದೆ. ಇಂತಹ ದೀರ್ಘವಾದ, ದಣಿವರಿಯದ ಬಾಳಿಗೆ ಕಾರಣಗಳು ಹಲವು ಇರಬಹುದು. ಬಾಲ್ಯದಲ್ಲಿ ಮೈಗೂಡಿದ ನಿಯಮಿತ ಜೀವನವು ಅವುಗಳಲ್ಲೊಂದೆಂದು ಭಾವಿಸಿದರೆ ತಪ್ಪಾಗಲಾರದು.

ಈ ಕ್ರಮವು ಮನಸ್ಸನ್ನು ಶಾಂತಗೊಳಿಸುವುದು ಹೇಗೆಂಬುದನ್ನು ಬಿಡಿಸಿ ನೋಡಬಹುದು. ಮೊದಲನೆಯದು ನೀರು. ಸ್ನಾನದಿಂದ ಮಂಪರು ಹರಿಯುತ್ತದೆ. ಎರಡನೆಯದು ನಿಶ್ಚಿತವಾದ ಆಸನ. ದಿನವೂ ಅದೇ ಜಾಗದಲ್ಲಿ ಕುಳಿತಾಗ, ಇದು ಸುಮ್ಮನಿರುವ ಸ್ಥಳವೆಂದು ಮನಸ್ಸು ತಾನಾಗಿ ಗುರುತಿಸಿಕೊಳ್ಳುತ್ತದೆ. ಮೂರನೆಯದು ದೃಷ್ಟಿ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಅದರ ಕಪ್ಪು ಹೊಳಪಿನ ಮೇಲೆ ನೋಟವನ್ನು ನಿಲ್ಲಿಸಿದಾಗ ಅತ್ತಿತ್ತ ಹರಿಯುವ ಕಣ್ಣು ನಿಲ್ಲುತ್ತದೆ. ಕಣ್ಣು ನಿಂತಾಗ ಆಲೋಚನೆಯೂ ನಿಧಾನವಾಗುತ್ತದೆ. ನಾಲ್ಕನೆಯದು ಉಸಿರು. ಮಂತ್ರವನ್ನು ಮೆಲ್ಲಗೆ ಉಚ್ಚರಿಸುವಾಗ ಹೊರಗೆ ಬಿಡುವ ಉಸಿರು ದೀರ್ಘವಾಗುತ್ತದೆ; ಉಚ್ಛ್ವಾಸಕ್ಕಿಂತ ನಿಶ್ವಾಸವು ದೀರ್ಘವಾದಾಗ ಹೃದಯದ ಬಡಿತವು ತಗ್ಗುವುದನ್ನು ವೈದ್ಯರು ಅಳೆದು ತೋರಿಸಿದ್ದಾರೆ.

ಇದೇ ಅಂಗಗಳು ಬೇರೆ ಬೇರೆ ರೂಪದಲ್ಲಿ ಎಲ್ಲ ಧರ್ಮಗಳ ಬೆಳಗಿನಲ್ಲಿಯೂ ಕಾಣಸಿಗುತ್ತವೆ. ನಸುಕಿನ ನಮಾಜಿಗೆ ಮೊದಲು ಕೈಕಾಲು ಮುಖಗಳನ್ನು ತೊಳೆಯಲೇಬೇಕು. ಸಿಖ್ಖರು ಸೂರ್ಯೋದಯಕ್ಕೆ ಮುಂಚಿನ ಹೊತ್ತನ್ನು ಅಮೃತವೇಳೆ ಎಂದು ಕರೆದು ಸ್ನಾನ ಮಾಡಿ ಪ್ರಾರ್ಥನೆಗೆ ಕೂಡುತ್ತಾರೆ. ಬೀದರದಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದಲ್ಲಿ ವಿದ್ಯಾರ್ಥಿಗಳ ವಸತಿ, ಮಸೀದಿ ಹಾಗೂ ಗ್ರಂಥಾಲಯಗಳು ಒಂದೇ ಆವರಣದಲ್ಲಿದ್ದವು. ವಿದ್ಯೆಯನ್ನೂ ದಿನಚರಿಯನ್ನೂ ಬೇರ್ಪಡಿಸಲಾಗದೆಂಬ ತಿಳಿವಳಿಕೆಯು ಈ ನೆಲಕ್ಕೆ ಹಳೆಯದು. ದೇವರ ಹೆಸರನ್ನೇ ಹೇಳದವನೂ ನೀರು, ಆಸನ, ದೃಷ್ಟಿ ಮತ್ತು ಉಸಿರು ಎಂಬ ಈ ನಾಲ್ಕರಿಂದ ಪ್ರಯೋಜನ ಪಡೆಯಬಹುದು.

ಗಂಟೆ ನಿಂತ ಮೇಲೆ

ಇಷ್ಟೆಲ್ಲ ಇದ್ದರೂ ಎಲ್ಲ ವಸತಿಶಾಲೆಗಳಿಗೂ ಪರಿಚಿತವಾದ ಒಂದು ಕೊರತೆಯನ್ನು ಮರೆಮಾಚಬಾರದು. ವರುಷವಿಡೀ 5 ಗಂಟೆಗೆ ಎದ್ದು ಶಿಸ್ತಿನಿಂದ ನಡೆದುಕೊಂಡ ಹುಡುಗನು ಬೇಸಗೆಯ ರಜೆಯಲ್ಲಿ ಮನೆಗೆ ಹೋದೊಡನೆ 8 ಗಂಟೆಯವರೆಗೆ ಮಲಗುತ್ತಾನೆ. ಹತ್ತನೆಯ ತರಗತಿ ಮುಗಿಸಿ ದೂರದ ಊರಿನ ಕಾಲೇಜಿಗೆ ಹೋದವನು ಒಂದು ತಿಂಗಳಲ್ಲಿ ಹಳೆಯ ಕ್ರಮವನ್ನೆಲ್ಲ ಮರೆಯುತ್ತಾನೆ. ಅಷ್ಟು ವರುಷಗಳ ಅಭ್ಯಾಸವು ಎಲ್ಲಿ ಹೋಯಿತು?

ಅವನು ರೂಢಿಸಿಕೊಂಡಿದ್ದು ಏಳುವುದನ್ನಲ್ಲ, ಗಂಟೆಗೆ ಓಗೊಡುವುದನ್ನು. ಗಂಟೆ ನಿಂತಿತು, ಏಳುವುದೂ ನಿಂತಿತು. ಹೊರಗಿನ ಆಜ್ಞೆಯಿಂದ ನಡೆಯುವ ಕ್ರಮಕ್ಕೂ ಒಳಗಿನ ಇಚ್ಛೆಯಿಂದ ನಡೆಯುವ ಕ್ರಮಕ್ಕೂ ಇರುವ ಅಂತರವಿದು. ಗಂಟೆಯು ಬೇಡವೆಂದು ಇದರರ್ಥವಲ್ಲ. ಬಳ್ಳಿಗೆ ಮೊದಲು ಹಂದರ ಬೇಕೇ ಬೇಕು. ಆದರೆ ಮಗುವಿಗೆ ಬೆಳಗಿನಲ್ಲಿ ತನ್ನದೇ ಆದ ಒಂದು ಸಂತೋಷವಿರದಿದ್ದರೆ ಆ ಕ್ರಮವು ಹೊರೆಯಾಗಿಯೇ ಉಳಿಯುತ್ತದೆ. ಹೂದೋಟದ ಒಂದು ಪಾತಿಗೆ ನೀರುಣಿಸುವುದು, ವಚನವೊಂದನ್ನು ರಾಗವಾಗಿ ಹಾಡುವುದು, ಪಕ್ಷಿಗಳನ್ನು ಗಮನಿಸುವುದು, ಇಷ್ಟವಾದ ಪುಸ್ತಕದ ನಾಲ್ಕು ಪುಟ ಓದುವುದು, ಕರುವನ್ನು ಮುದ್ದಿಸುವುದು ಇಂತಹ ಯಾವುದಾದರೂ ಒಂದು ಕಾರ್ಯವು ಬೆಳಗಿನ ಕ್ರಮದಲ್ಲಿ ಸೇರಿರಬೇಕು. ಅದಕ್ಕಾಗಿಯೇ ಏಳಬೇಕೆಂದು ಮನಸ್ಸು ಹಂಬಲಿಸಬೇಕು. ಹಾಗಾದಾಗ ಕ್ರಮವು ಗಂಟೆಯ ಹಂಗಿಲ್ಲದೆ ಬದುಕುತ್ತದೆ.

ಒಬ್ಬರ ಶಾಂತಿ, ಇನ್ನೊಬ್ಬರ ಧಾವಂತ

ಬೆಳಗಿನ ದಿನಚರಿಯನ್ನು ಕುರಿತ ಉಪದೇಶಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವ ವ್ಯಕ್ತಿಯೊಬ್ಬಳಿದ್ದಾಳೆ. ಅವಳು ಮನೆಯ ತಾಯಿ. ಮನೆಯೊಡೆಯನು ಸ್ನಾನ ಮಾಡಿ ಶಾಂತವಾಗಿ ಪೂಜೆಗೆ ಕುಳಿತಿರುತ್ತಾನೆ, ಮಗನು ಓದುತ್ತಿರುತ್ತಾನೆ. ಅದೇ ಹೊತ್ತಿನಲ್ಲಿ ಅವಳು ನೀರು ತುಂಬಿ, ಅಂಗಳ ಸಾರಿಸಿ, ಹಿಟ್ಟು ನಾದಿ, ರೊಟ್ಟಿ ಬಡಿದು, ಪಲ್ಯ ಮಾಡಿ, ಬುತ್ತಿ ಕಟ್ಟಿ, ಕಾಣದ ಪಾಟಿಚೀಲವನ್ನು ಹುಡುಕಿ ಕೊಡುತ್ತಿರುತ್ತಾಳೆ. ಎಲ್ಲರಿಗಿಂತ ಮೊದಲೆದ್ದು ಎಲ್ಲರೂ ಉಂಡ ಮೇಲೆ ಉಣ್ಣುವ ಅವಳಿಗೆ ಶಾಂತವಾದ ಬೆಳಗೆಂಬುದು ಎಂದಾದರೂ ದೊರಕಿತೇ? ಒಬ್ಬರ ಧಾವಂತದ ಮೇಲೆ ಇನ್ನೊಬ್ಬರು ಕಟ್ಟಿಕೊಂಡ ಶಾಂತಿಯನ್ನು ಶಾಂತಿಯೆಂದು ಕರೆಯಲಾಗದು.

ಈ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಅರ್ಥವನ್ನು ಇಲ್ಲಿ ನೆನೆಯಬೇಕು. ಅಂಗಳ ಗುಡಿಸುವುದನ್ನೇ ತನ್ನ ಕಾಯಕವನ್ನಾಗಿ ಮಾಡಿಕೊಂಡ ಸತ್ಯಕ್ಕನು ಶರಣೆಯರ ಸಾಲಿನಲ್ಲಿ ಗೌರವದ ಸ್ಥಾನ ಪಡೆದಳು. ಅಕ್ಕಿಯನ್ನು ಆಯ್ದು ತರುವ ಆಯ್ದಕ್ಕಿ ಮಾರಯ್ಯನಿಗೆ ಅಗತ್ಯಕ್ಕಿಂತ ಹೆಚ್ಚು ತಂದುದು ತಪ್ಪೆಂದು ತಿಳಿಹೇಳಿದವಳು ಅವನ ಸತಿ ಲಕ್ಕಮ್ಮ. ಆ ದಂಪತಿಗಳಲ್ಲಿ ಕಾಯಕವು ಇಬ್ಬರದೂ ಆಗಿತ್ತು. ಕಸಗುಡಿಸುವ ಕೆಲಸವು ಪೂಜೆಗಿಂತ ಕೀಳಲ್ಲವೆಂದು ಒಪ್ಪಿದ ಮೇಲೆ ಅದನ್ನು ಮನೆಯ ಹೆಂಗಸರಿಗಷ್ಟೇ ಬಿಟ್ಟುಕೊಡುವುದು ಹೇಗೆ?

ಆದುದರಿಂದ ಬೆಳಗಿನ ದಿನಚರಿಯ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಮನೆಗೆಲಸವಿರಲೇಬೇಕು. ಮಗನು ತನ್ನ ಹಾಸಿಗೆಯನ್ನು ತಾನೇ ಸುತ್ತಿಡಲಿ, ಕುಡಿಯುವ ನೀರು ತುಂಬಲಿ. ಮಗಳು ರಂಗೋಲಿ ಹಾಕಿದರೆ ಅಂಗಳ ಗುಡಿಸುವುದು ಅಣ್ಣನ ಪಾಲಿಗಿರಲಿ. ತಂದೆಯು ದನದ ಕೆಲಸದೊಡನೆ ಬುತ್ತಿ ಕಟ್ಟುವುದನ್ನೂ ಕಲಿಯಲಿ. ಹೀಗೆ ಹಂಚಿಕೊಂಡ ಮನೆಯಲ್ಲಿ ತಾಯಿಗೂ ಕಾಲು ತಾಸು ಸುಮ್ಮನೆ ಕುಳಿತು ಬಿಸಿ ಚಹಾ ಕುಡಿಯುವ ಅವಕಾಶವಾಗುತ್ತದೆ. ಆ ಕಾಲು ತಾಸು ಇಡೀ ಮನೆಯ ಹವೆಯನ್ನೇ ಬದಲಿಸಬಲ್ಲದು.

ದಿನಚರಿಯನ್ನು ಕಟ್ಟುವ ಬಗೆ

ಮೇಲಿನ ವಿಚಾರಗಳನ್ನು ಆಧರಿಸಿ ವಿದ್ಯಾರ್ಥಿಗಳಿಗೂ ಪಾಲಕರಿಗೂ ಉಪಯುಕ್ತವಾಗಬಹುದಾದ ಕ್ರಮವನ್ನು ಹೀಗೆ ವಿವರಿಸಬಹುದು.

1. ಹಿಂದಿನ ರಾತ್ರಿಯ ಸಿದ್ಧತೆ: ಬೆಳಗಿನ ಗಡಿಬಿಡಿಯಲ್ಲಿ ಹೆಚ್ಚಿನ ಪಾಲು ಹುಡುಕಾಟದಿಂದ ಹುಟ್ಟುತ್ತದೆ. ಪಾಟಿಚೀಲ, ಮಡಿಸಿದ ಬಟ್ಟೆ, ಬಸ್ ಪಾಸು, ಲೇಖನಿ ಇವುಗಳನ್ನು ಮಲಗುವ ಮುನ್ನವೇ ಒಂದೆಡೆ ಇಡಬೇಕು. ಇದಕ್ಕೆ 10 ನಿಮಿಷ ಸಾಕು. ಮಲಗುವುದಕ್ಕೆ ಒಂದು ತಾಸು ಮೊದಲೇ ಮೊಬೈಲ್ ಫೋನನ್ನು ಮಲಗುವ ಕೋಣೆಯಿಂದ ಹೊರಗಿಡಬೇಕು. ಅದರ ಬೆಳಕು ಕಣ್ಣನ್ನೂ ಅದರ ಸುದ್ದಿಗಳು ಮನಸ್ಸನ್ನೂ ಎಚ್ಚರವಾಗಿಡುತ್ತವೆ. ಎಚ್ಚರಿಸಲು ಅದೇ ಬೇಕೆನ್ನುವವರು ಸಾಧಾರಣ ಅಲಾರಂ ಗಡಿಯಾರವೊಂದನ್ನು ಕೊಳ್ಳುವುದು ಲೇಸು.

2. ಏಳುವ ಹೊತ್ತು: ಮನೆ ಬಿಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಏಳುವ ಹೊತ್ತನ್ನು ನಿರ್ಧರಿಸಬೇಕು. ಉದಾಹರಣೆಗೆ, ಔರಾದ ತಾಲ್ಲೂಕಿನ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು 8 ಗಂಟೆಯ ಬಸ್ಸಿಗೆ ಹೋಗಬೇಕೆನ್ನಿ. ನಿಲ್ದಾಣಕ್ಕೆ ನಡೆಯಲು ಕಾಲು ತಾಸು, ಊಟ ಉಪಾಹಾರಕ್ಕೆ ಕಾಲು ತಾಸು, ಓದಿಗೆ ಮುಕ್ಕಾಲು ತಾಸು, ಮೌನಕ್ಕೂ ಪ್ರಾರ್ಥನೆಗೂ ಕಾಲು ತಾಸು, ಸ್ನಾನಾದಿಗಳಿಗೂ ಮನೆಗೆಲಸಕ್ಕೂ ಒಂದು ತಾಸು. ಒಟ್ಟು ಎರಡೂವರೆ ತಾಸು. ಎಂದರೆ ಅವಳು 5 ಗಂಟೆ 30 ನಿಮಿಷಕ್ಕೆ ಎದ್ದರೆ ಸಾಕು. ರಾತ್ರಿ 9 ಗಂಟೆ 15 ನಿಮಿಷಕ್ಕೆ ಮಲಗಿದರೆ ಎಂಟೂ ಕಾಲು ತಾಸು ನಿದ್ರೆಯೂ ದೊರೆಯುತ್ತದೆ. ಬೀದರ ನಗರದಲ್ಲಿ ಶಾಲೆಯ ಹತ್ತಿರವೇ ಮನೆಯಿರುವ ಹುಡುಗನಿಗೆ ಈ ಲೆಕ್ಕ ಬೇರೆಯಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳತಕ್ಕದ್ದು.

3. ಮೊದಲ ಅರ್ಧ ತಾಸು: ಎದ್ದೊಡನೆ ಒಂದು ಲೋಟ ನೀರು ಕುಡಿದು ಹೊರಗೆ ಬರಬೇಕು. ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ದನಗಳಿಗೆ ಮೇವು ಹಾಕುವುದು ಇವೆಲ್ಲ ಈ ಹೊತ್ತಿಗೆ ತಕ್ಕ ಕೆಲಸಗಳು. ಮೈಗೆ ವ್ಯಾಯಾಮವಾಗುತ್ತದೆ, ಕಣ್ಣಿಗೆ ಬೆಳಕು ಸಿಗುತ್ತದೆ, ತಾಯಿಗೆ ನೆರವಾಗುತ್ತದೆ.

4. ಮೌನ: ಸ್ನಾನದ ಅನಂತರ 10ರಿಂದ 15 ನಿಮಿಷ ಒಂದೇ ಜಾಗದಲ್ಲಿ ಕೂಡಬೇಕು. ಲಿಂಗಪೂಜೆ, ಪ್ರಾರ್ಥನೆ, ನಮಾಜು ಅಥವಾ ಕೇವಲ ಉಸಿರನ್ನು ಗಮನಿಸುವುದು, ಯಾವುದಾದರೂ ಆಗಬಹುದು. ಮನಸ್ಸು ಅಲೆದಾಡಿದರೆ ಬೇಸರಿಸಬೇಕಾಗಿಲ್ಲ. ಮೇಯಲು ಹೋದ ಕರುವನ್ನು ಮತ್ತೆ ಗೂಟಕ್ಕೆ ಕಟ್ಟುವಂತೆ ಮೆಲ್ಲಗೆ ಹಿಂದಕ್ಕೆ ತಂದರಾಯಿತು.

5. ಇಷ್ಟದ ಕೆಲಸ: ಮೊದಲೇ ಹೇಳಿದ ಆ ಒಂದು ಸಂತೋಷಕ್ಕೆ 10 ನಿಮಿಷವಾದರೂ ಮೀಸಲಿರಲಿ. ಇದನ್ನು ಕಾಲಹರಣವೆಂದು ಕಿತ್ತುಹಾಕುವ ಪಾಲಕರು ಇಡೀ ಕಟ್ಟಡದ ಸುಣ್ಣಗಾರೆಯನ್ನೇ ಕಿತ್ತಂತೆ.

6. ಆಹಾರ: ಬರಿಹೊಟ್ಟೆಯಲ್ಲಿ ಶಾಲೆಗೆ ಬಂದ ಮಗುವಿನ ಶಾಂತಿ ಬಹಳ ಹೊತ್ತು ನಿಲ್ಲದು. ಕರ್ನಾಟಕ ಸರ್ಕಾರವು 2013ರ ಆಗಸ್ಟ್ ತಿಂಗಳಲ್ಲಿ ಶಾಲಾಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯನ್ನು ಆರಂಭಿಸಿತು. ಆದರೆ ಶಾಲೆಯ ಹಾಲು ಮನೆಯ ಉಪಾಹಾರಕ್ಕೆ ಬದಲಿಯಲ್ಲ. ಜೋಳದ ರೊಟ್ಟಿ ಪಲ್ಯ, ಅಂಬಲಿ, ಸುಸಲಾ, ಉಪ್ಪಿಟ್ಟು, ಯಾವುದೇ ಆಗಲಿ ಕುಳಿತು, ಅಗಿದು, ಆತುರವಿಲ್ಲದೆ ಉಣ್ಣಬೇಕು.

ಅಡಚಣೆಗಳೂ ಪರಿಹಾರವೂ

ಕ್ರಮವನ್ನು ಒಂದೇ ದಿನದಲ್ಲಿ ಪೂರ್ತಿ ಕಟ್ಟಲು ಹೊರಟವರು ಒಂದೇ ವಾರದಲ್ಲಿ ಕೈಬಿಡುತ್ತಾರೆ. ಮೊದಲ ವಾರ ಒಂದೇ ಕಾರ್ಯವನ್ನು ಹಿಡಿಯಬೇಕು. ಅದು ಸಲೀಸಾದ ಮೇಲೆ ಎರಡನೆಯದನ್ನು ಅದಕ್ಕೆ ಹೊಂದಿಸಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕಾರ್ಯವು ಪ್ರಯತ್ನವಿಲ್ಲದೆ ನಡೆಯುವಷ್ಟು ಅಭ್ಯಾಸವಾಗಲು ಸರಾಸರಿ 66 ದಿನಗಳು ಹಿಡಿದವು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನಗಳು ಬೇಕಾಗುವಂತಿತ್ತು. ಜೂನ್ ಆರಂಭದಲ್ಲಿ ಶಾಲೆ ತೆರೆದಾಗ ಹಿಡಿದ ನಿಯಮವು ಶ್ರಾವಣದ ಹೊತ್ತಿಗೆ ಮೈಗೂಡುತ್ತದೆಂದು ಸ್ಥೂಲವಾಗಿ ಹೇಳಬಹುದು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವು ಮುರಿಯುವುದಿಲ್ಲವೆಂಬುದನ್ನೂ ಅದೇ ಅಧ್ಯಯನವು ತೋರಿಸಿತು. ಜಾತ್ರೆ, ಮದುವೆ, ಎಳ್ಳಮಾವಾಸ್ಯೆ, ಜ್ವರ ಇವು ಬಂದೇ ಬರುತ್ತವೆ. ತಪ್ಪಿದ ದಿನಕ್ಕಾಗಿ ಮರುಗುತ್ತ ಕೂಡದೆ ಮರುದಿನ ಮತ್ತೆ ಆರಂಭಿಸುವವನೇ ಜಾಣ.

ನೀರಿನ ಕೊರತೆಯಿರುವ ಬೇಸಗೆಯಲ್ಲಿ, ವಿದ್ಯುತ್ತು ಹೋದ ನಸುಕಿನಲ್ಲಿ, ಕೊಯ್ಲು ಸುಗ್ಗಿಯ ದಿನಗಳಲ್ಲಿ ಪೂರ್ಣ ಕ್ರಮವು ಸಾಧ್ಯವಾಗದಿರಬಹುದು. ಅಂತಹ ದಿನಗಳಿಗಾಗಿ ಒಂದು ಸಂಕ್ಷಿಪ್ತ ಕ್ರಮವನ್ನೂ ಇಟ್ಟುಕೊಳ್ಳಬೇಕು: ಮುಖಕ್ಕೆ ನೀರು, ಬಯಲಿನ ಬೆಳಕು, ಐದು ನಿಮಿಷದ ಮೌನ. ಇಷ್ಟು ಉಳಿದರೆ ಕ್ರಮದ ಬೇರು ಒಣಗುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಮೌನವನ್ನೂ ಇಷ್ಟದ ಕೆಲಸವನ್ನೂ ಕೈಬಿಟ್ಟು ಆ ಹೊತ್ತನ್ನೆಲ್ಲ ಓದಿಗೆ ಕೊಡಬೇಕೆಂಬ ಆಸೆ ಹುಟ್ಟುತ್ತದೆ. ಅದು ದಾರಿಯ ನಡುವೆ ಎತ್ತುಗಳಿಗೆ ನೀರು ಕುಡಿಸದೆ ಬಂಡಿ ಹೊಡೆದಂತೆ. ಮನಸ್ಸಿಗೆ ಶಾಂತಿಯು ಅತ್ಯಂತ ಅವಶ್ಯವಾಗಿರುವುದು ಆ ದಿನಗಳಲ್ಲಿಯೇ.

ಉಪಸಂಹಾರ

ಶಾಂತವಾದ ಬೆಳಗಿಗೆ ಹಣ ಬೇಡ, ದೊಡ್ಡ ಮನೆ ಬೇಡ, ನಸುಕಿನ ನಾಲ್ಕು ಗಂಟೆಯ ಹಟವೂ ಬೇಡ. ಹಿಂದಿನ ರಾತ್ರಿಯ ಹತ್ತು ನಿಮಿಷದ ಸಿದ್ಧತೆ, ಸಾಕಷ್ಟು ನಿದ್ರೆ, ಕೆಲವೇ ಕೆಲಸಗಳ ಬದಲಾಗದ ಸರಣಿ, ಸ್ವಲ್ಪ ಮೌನ, ಸ್ವಲ್ಪ ಸಂತೋಷ ಮತ್ತು ಮನೆಯವರೆಲ್ಲರ ಪಾಲುದಾರಿಕೆ ಇಷ್ಟಿದ್ದರೆ ಸಾಕು. ಶಾಲೆಯು ತನ್ನ ಮಕ್ಕಳಿಗೆ ಅಕ್ಷರದೊಡನೆ ಈ ಕ್ರಮವನ್ನೂ ಕಲಿಸಿ ಕಳುಹಿಸಬಲ್ಲದು. ಅದು ನಿಜವಾಗಿ ಕಲಿತಿದೆಯೇ ಎಂಬುದರ ಪರೀಕ್ಷೆಯು ಶಾಲೆಯ ಆವರಣದಲ್ಲಿ ನಡೆಯುವುದಿಲ್ಲ. ಗಂಟೆ ಬಾರಿಸುವವರು ಯಾರೂ ಇಲ್ಲದ ರಜೆಯ ಬೆಳಗಿನಲ್ಲಿ, ವಿದ್ಯಾರ್ಥಿಯು ತಾನಾಗಿ ಎದ್ದು, ತಾಯಿ ಎದ್ದೇಳುವ ಮುನ್ನವೇ ಕೊಡ ತುಂಬಿಸಿ, ಅಂಗಳ ಗುಡಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ, ಆ ದಿನ ಅವನು ಉತ್ತೀರ್ಣನಾದನೆಂದು ತಿಳಿಯಬೇಕು.